ಕ್ಯಾಂಪರ್‌ವ್ಯಾನಿನ ನೀರು ಮತ್ತು ವಿದ್ಯುತ್ತು: ದೋಷನಿದಾನದ ಕ್ರಮ

ಕ್ಯಾಂಪರ್‌ವ್ಯಾನಿನ ಕಿರಿದಾದ ಅಡುಗೆಕಟ್ಟೆಯ ನಲ್ಲಿಯನ್ನು ತಿರುಗಿಸಿದಾಗ ನೀರು ಬಾರದೆ ಹೋದರೆ, ಉಪಕರಣಗಳ ಪೆಟ್ಟಿಗೆಯನ್ನು ತೆರೆಯುವುದಕ್ಕೆ ಮುಂಚೆ ಒಂದು ಕ್ಷಣ ಸುಮ್ಮನೆ ನಿಂತು ಕಿವಿಗೊಟ್ಟು ಆಲಿಸುವುದು ಉಚಿತ. ಪಂಪು ಸಂಪೂರ್ಣ ಮೌನವಾಗಿದೆಯೋ, ಸದ್ದು ಮಾಡುತ್ತಿದ್ದೂ ನೀರನ್ನು ತರಲಾರದೆ ಇದೆಯೋ, ನಲ್ಲಿಯನ್ನು ಮುಚ್ಚಿದ ಮೇಲೂ ನಿಲ್ಲದೆ ಓಡುತ್ತಿದೆಯೋ, ಅಥವಾ ನಲ್ಲಿಯನ್ನು ಯಾರೂ ಮುಟ್ಟದ ಹೊತ್ತಿನಲ್ಲಿಯೂ ಆಗಾಗ್ಗೆ ತಾನಾಗಿಯೇ ಒಂದೆರಡು ಕ್ಷಣ ಗುರುಗುಟ್ಟಿ ಸುಮ್ಮನಾಗುತ್ತಿದೆಯೋ ಎಂಬುದು ನಿಶ್ಚಯವಾದೊಡನೆ ದೋಷದ ನೆಲೆ ಬಹುಮಟ್ಟಿಗೆ ಗೊತ್ತಾಗುತ್ತದೆ. ಮೌನವು ವಿದ್ಯುತ್ತಿನ ಕೊರತೆಯನ್ನು ಸೂಚಿಸುತ್ತದೆ. ನೀರಿಲ್ಲದ ಸದ್ದು ಕೊಳವೆಯೊಳಗಿನ ಗಾಳಿಯನ್ನು. ನಿಲ್ಲದ ಓಟ ಒತ್ತಡದ ಅಭಾವವನ್ನು. ಬಿಟ್ಟುಬಿಟ್ಟು ಬರುವ ಸದ್ದು ಸೋರಿಕೆಯನ್ನು. ಆದರೂ ಈ ಸೂಚನೆಗಳನ್ನು ಅಕ್ಷರಶಃ ನಂಬಿಬಿಡಲಾಗದು. ಏಕೆಂದರೆ ಈ ವಾಹನದಲ್ಲಿ ನೀರೂ ವಿದ್ಯುತ್ತೂ ಒಂದರೊಡನೊಂದು ಎಷ್ಟು ನಿಕಟವಾಗಿ ಹೆಣೆದುಕೊಂಡಿವೆಯೆಂದರೆ, ನಲ್ಲಿಯಲ್ಲಿ ಕಾಣಿಸಿಕೊಂಡ ರೋಗದ ಮೂಲ ತಂತಿಯಲ್ಲಿಯೂ, ಬ್ಯಾಟರಿಯಲ್ಲಿ ಕಾಣಿಸಿಕೊಂಡ ರೋಗದ ಮೂಲ ಕೊಳವೆಯಲ್ಲಿಯೂ ಅಡಗಿರುವುದುಂಟು. ಪಂಪೇ ಕೆಟ್ಟಿತೆಂದು ಆತುರದಿಂದ ತೀರ್ಮಾನಿಸಿ, ಹೊಸದೊಂದನ್ನು ಕೊಂಡುತಂದು ಕೂರಿಸಿದ ಮೇಲೂ ನಲ್ಲಿ ಒಣಗಿಯೇ ಇರುವ ಸಂಕಟ ಈ ಆತುರದ ಫಲ.

ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆ 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಇರಿಸತಕ್ಕ ‘ಕ್ಯಾಂಪಿಂಗ್ ಬಾಕ್ಸ್’ ಎಂಬ ಸಾಮಗ್ರಿಯನ್ನು ಸಿದ್ಧಪಡಿಸಿದಂದಿನಿಂದ ಈ ವಾಹನಗಳು ಬಹು ದೂರ ಬಂದಿವೆ. ಇಂದು ಯೂರೋಪಿನಲ್ಲಿ ಫಿಯಟ್ ಡುಕಾಟೋ ಮೊದಲಾದ ವ್ಯಾನುಗಳ ಮೇಲೆ ಕಟ್ಟಲ್ಪಡುವ ಸಂಚಾರಗೃಹಗಳಲ್ಲಿ ಸ್ನಾನ, ಬಿಸಿನೀರು, ಶೀತಕ ಎಲ್ಲವೂ ಇವೆ. ಬ್ರಿಟನ್ನಿನಲ್ಲಿಯೋ ನ್ಯೂಜಿಲೆಂಡಿನಲ್ಲಿಯೋ ನೆಲೆಸಿ, ರಜೆಯ ದಿನಗಳಲ್ಲಿ ಇಂತಹ ವ್ಯಾನನ್ನು ಬಾಡಿಗೆಗೆ ಹಿಡಿದು ಹೊರಡುವ ಕನ್ನಡಿಗರಿಗೂ, ನಮ್ಮಲ್ಲಿಯೇ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು ಒಳಗೆ ಮಂಚ, ಒಲೆ, ನೀರಿನ ಟ್ಯಾಂಕುಗಳನ್ನು ತಾವೇ ಅಳವಡಿಸಿಕೊಳ್ಳುವ ಉತ್ಸಾಹಿಗಳಿಗೂ ಈ ಬರಹ ಸಮಾನವಾಗಿ ಅನ್ವಯಿಸುತ್ತದೆ. ದೇಶ ಯಾವುದಾದರೇನು, ಒಳಗಿನ ದೀಪಗಳೂ ಪಂಪೂ ನಡೆಯುವುದು ಸಾಮಾನ್ಯವಾಗಿ 12 ವೋಲ್ಟಿನ ಪ್ರತ್ಯೇಕ ಬ್ಯಾಟರಿಯೊಂದರಿಂದ. ಎಂಜಿನ್ನನ್ನು ಚಾಲನೆಗೊಳಿಸುವ ಬ್ಯಾಟರಿ ಬೇರೆ, ವಾಸದ ಕೋಣೆಯ ಬ್ಯಾಟರಿ ಬೇರೆ ಎಂಬುದನ್ನು ಮೊದಲು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಬೇಕು.

ಪಂಪುಗಳಲ್ಲಿ ಎರಡು ಜಾತಿ. ಮೊದಲನೆಯದು ನೀರಿನ ಟ್ಯಾಂಕಿನೊಳಗೇ ಮುಳುಗಿರುವ ಸಣ್ಣ ಪಂಪು: ಒಳಗಿನ ಚಕ್ರ ತಿರುಗಿ ನೀರನ್ನು ಮೇಲಕ್ಕೆ ನೂಕುತ್ತದೆ, ಗಾಳಿಯನ್ನು ನೂಕಲಾರದು. ಇದನ್ನು ಹೊತ್ತಿಸುವ ಸ್ವಿಚ್ಚು ನಲ್ಲಿಯ ಒಡಲಿನಲ್ಲಿಯೇ ಇರುತ್ತದೆ. ಹಿಡಿಯನ್ನು ಎತ್ತಿದಾಗ ಅಲ್ಲಿರುವ ಅತಿ ಸಣ್ಣ ಮೈಕ್ರೋಸ್ವಿಚ್ಚು ಮುಚ್ಚಿಕೊಂಡು ಪಂಪಿಗೆ ವಿದ್ಯುತ್ತು ಹರಿಯುತ್ತದೆ. ಎರಡನೆಯದು ಟ್ಯಾಂಕಿನ ಹೊರಗೆ, ಸಾಮಾನ್ಯವಾಗಿ ಆಸನದ ಕೆಳಗೆ ಕುಳಿತಿರುವ ಡಯಾಫ್ರಮ್ ಪಂಪು: ರಬ್ಬರಿನ ಪೊರೆಯೊಂದು ಹಿಂದುಮುಂದಾಗಿ ಅಲುಗಿ ನೀರನ್ನು ಹೀರಿ ಒತ್ತುತ್ತದೆ. ನಲ್ಲಿಯೊಡನೆ ಇದಕ್ಕೆ ತಂತಿಯ ಸಂಬಂಧವಿಲ್ಲ; ಪಂಪಿನ ತಲೆಯ ಮೇಲಿರುವ ಒತ್ತಡದ ಸ್ವಿಚ್ಚು, ಕೊಳವೆಯಲ್ಲಿ ಒತ್ತಡ ಕುಗ್ಗಿದಾಗ ಮೋಟಾರನ್ನು ಹೊತ್ತಿಸಿ, 1.4ರಿಂದ 2 ಬಾರ್‌ನಷ್ಟು ಒತ್ತಡ ತುಂಬಿದಾಗ ಆರಿಸುತ್ತದೆ. ನಿಮಿಷಕ್ಕೆ 7ರಿಂದ 10 ಲೀಟರ್ ನೀರು ಕೊಡುವ ಇಂತಹ ಪಂಪು ಓಡುವಾಗ 4ರಿಂದ 7 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತದೆ. ತಮ್ಮ ವ್ಯಾನಿನಲ್ಲಿರುವುದು ಯಾವ ಜಾತಿಯದೆಂಬುದನ್ನು ಪ್ರಯಾಣಕ್ಕೆ ಹೊರಡುವ ಮೊದಲೇ ತಿಳಿದುಕೊಂಡಿರತಕ್ಕದ್ದು.

ಪಂಪು ಮೌನವಾಗಿದ್ದ ಪಕ್ಷದಲ್ಲಿ ಮೊದಲು ನೋಡಬೇಕಾದವು ದೋಷಗಳೇ ಅಲ್ಲದ ಕೆಲವು ಸಂಗತಿಗಳು. ನಿಯಂತ್ರಣ ಫಲಕದಲ್ಲಿ ಪಂಪಿಗೆಂದೇ ಬೇರೊಂದು ಗುಂಡಿ ಇದ್ದು, ಯಾರದೋ ಮೊಣಕೈ ತಾಗಿ ಅದು ಆರಿಹೋಗಿರಬಹುದು. ಅನೇಕ ಯೂರೋಪಿಯನ್ ವ್ಯಾನುಗಳಲ್ಲಿ ಎಂಜಿನ್ ನಡೆಯುತ್ತಿರುವಷ್ಟು ಹೊತ್ತೂ ರಿಲೇಯೊಂದು ವಾಸದ ಕೋಣೆಯ ದೀಪಗಳನ್ನೂ ಪಂಪನ್ನೂ ಉದ್ದೇಶಪೂರ್ವಕವಾಗಿಯೇ ಕಡಿದುಹಾಕುತ್ತದೆ. ಎಂಜಿನ್ನನ್ನು ನಿಲ್ಲಿಸಿದರೆ ಎಲ್ಲವೂ ಮರಳುತ್ತವೆ. ಕೆಲವು ಫಲಕಗಳು ಬ್ಯಾಟರಿ ಸುಮಾರು 10.5 ವೋಲ್ಟಿಗೆ ಕುಸಿದಾಗ ಅದನ್ನು ರಕ್ಷಿಸುವ ಸಲುವಾಗಿ ತಾವೇ ಸರಬರಾಜನ್ನು ನಿಲ್ಲಿಸುತ್ತವೆ. ಇವೆಲ್ಲವೂ ಸರಿಯಾಗಿದ್ದರೆ ಫ್ಯೂಸಿನ ಕಡೆಗೆ ತಿರುಗಬೇಕು. ಬ್ಲೇಡ್ ಮಾದರಿಯ ಫ್ಯೂಸುಗಳಲ್ಲಿ ಬಣ್ಣವೇ ಭಾಷೆ: 10 ಆಂಪಿಯರಿನದು ಕೆಂಪು, 15ರದು ನೀಲಿ, 20ರದು ಹಳದಿ. ಸುಟ್ಟ ಫ್ಯೂಸಿನ ಜಾಗದಲ್ಲಿ ಅದೇ ಬಣ್ಣದ ಇನ್ನೊಂದನ್ನು ಒಮ್ಮೆ ಮಾತ್ರ ಹಾಕಿ ನೋಡಬಹುದು. ಅದೂ ತಕ್ಷಣ ಸುಟ್ಟರೆ ಪಂಪಿನ ಮೋಟಾರು ಸಿಕ್ಕಿಕೊಂಡಿದೆ, ಇಲ್ಲವೆ ತಂತಿ ಎಲ್ಲಿಯೋ ವ್ಯಾನಿನ ಲೋಹದ ಮೈಗೆ ತಾಗಿ ಶಾರ್ಟ್ ಆಗಿದೆ ಎಂದು ತಿಳಿಯಬೇಕು. ಹೆಚ್ಚಿನ ಸಾಮರ್ಥ್ಯದ ಫ್ಯೂಸನ್ನು ತುರುಕಿ ಕೆಲಸ ಸಾಗಿಸುವ ಅಭ್ಯಾಸವನ್ನು ನಾನು ಎಷ್ಟು ಕಟುವಾಗಿ ನಿಷೇಧಿಸಿದರೂ ಸಾಲದು. ಫ್ಯೂಸು ಇರುವುದು ಪಂಪನ್ನು ಕಾಪಾಡುವುದಕ್ಕೆಂಬುದು ತಪ್ಪು ಗ್ರಹಿಕೆ. ಅದು ಕಾಯುವುದು ಹಲಗೆಗಳ ಹಿಂದೆ, ಹಾಸಿಗೆಗಳ ಕೆಳಗೆ ಹಾದುಹೋಗಿರುವ ತಂತಿಯನ್ನು. ಆ ತಂತಿ ಕೆಂಪಗೆ ಕಾದರೆ ಮಲಗಿದವರು ಏಳುವಷ್ಟರಲ್ಲಿ ವ್ಯಾನು ಹೊತ್ತಿಕೊಂಡಿರುತ್ತದೆ.

ಫ್ಯೂಸು ನೆಟ್ಟಗಿದ್ದು, ಮುಳುಗುವ ಪಂಪಿನ ವ್ಯಾನಾದರೆ, ಬೇರೆ ಬೇರೆ ನಲ್ಲಿಗಳನ್ನು ಒಂದೊಂದಾಗಿ ತೆರೆದು ನೋಡುವುದು ಅತ್ಯಂತ ಸುಲಭವಾದ ಪರೀಕ್ಷೆ. ಅಡುಗೆಕಟ್ಟೆಯ ನಲ್ಲಿಗೆ ಪಂಪು ಓಗೊಡದೆ ಸ್ನಾನದ ನಲ್ಲಿಗೆ ಓಗೊಟ್ಟರೆ ಪಂಪೂ ಬ್ಯಾಟರಿಯೂ ನಿರ್ದೋಷಿಗಳು. ಅಪರಾಧ ಅಡುಗೆಕಟ್ಟೆಯ ಮೈಕ್ರೋಸ್ವಿಚ್ಚಿನದು. ಸದಾ ತೇವದ ಸಮೀಪದಲ್ಲಿರುವ ಈ ಪುಟ್ಟ ವಸ್ತುವಿಗೆ ನೀರಿನ ಪಸೆ ತಗಲಿದರೆ ಒಳಗಿನ ಬಿಲ್ಲೆಗಳಿಗೆ ಕಿಲುಬು ಹಿಡಿಯುತ್ತದೆ. ನಲ್ಲಿಯ ಕೆಳಗಿನಿಂದ ಬರುವ ಎರಡು ಸಣ್ಣ ತಂತಿಗಳನ್ನು ಒಂದಕ್ಕೊಂದು ತಾಗಿಸಿದಾಗ ಪಂಪು ಓಡಿದರೆ ಸಂಶಯಕ್ಕೆ ಎಡೆಯೇ ಉಳಿಯುವುದಿಲ್ಲ. ಇದಕ್ಕೆ ವಿರುದ್ಧವಾಗಿ ಸ್ವಿಚ್ಚು ಮುಚ್ಚಿದ ಸ್ಥಿತಿಯಲ್ಲಿಯೇ ಅಂಟಿಕೊಂಡರೆ ನಲ್ಲಿಯನ್ನು ಕಟ್ಟಿದ ಮೇಲೂ ಪಂಪು ಓಡುತ್ತಲೇ ಇರುತ್ತದೆ. ನೀರಿನಲ್ಲಿದ್ದಾಗ ಮಾತ್ರ ತಂಪಾಗಿರುವ ಈ ಪಂಪು ಒಣ ಟ್ಯಾಂಕಿನಲ್ಲಿ ಹೆಚ್ಚು ಹೊತ್ತು ಓಡಿದರೆ ಸುಟ್ಟುಹೋಗುವುದಾದ್ದರಿಂದ, ಇಂತಹ ಸಂದರ್ಭದಲ್ಲಿ ಫಲಕದ ಗುಂಡಿಯನ್ನು ಕೂಡಲೆ ಆರಿಸಬೇಕು.

ಎಲ್ಲ ನಲ್ಲಿಗಳಿಗೂ ಮೌನವೇ ಉತ್ತರವಾದರೆ ಮಲ್ಟಿಮೀಟರ್ ಕೈಗೆ ಬರಬೇಕು. ಇಲ್ಲಿ ಒಂದು ವಿಷಯವನ್ನು ತುಸು ವಿಸ್ತರಿಸಿಯೇ ಹೇಳಬೇಕಾಗಿದೆ, ಏಕೆಂದರೆ ಪರೀಕ್ಷಿಸುವವರು ದಾರಿ ತಪ್ಪುವ ತಾಣ ಇದೇ. ಪಂಪಿನ ತಂತಿಗಳನ್ನು ಬಿಚ್ಚಿ, ಅವುಗಳ ತುದಿಗೆ ಮೀಟರಿನ ಮೊನೆಗಳನ್ನು ತಾಗಿಸಿ, 12.6 ವೋಲ್ಟು ಕಂಡೊಡನೆ ‘ವಿದ್ಯುತ್ತು ಸರಿಯಾಗಿ ಬರುತ್ತಿದೆ, ಪಂಪೇ ಕೆಟ್ಟಿದೆ’ ಎಂದು ನಿರ್ಣಯಿಸುವವರು ಬಹಳ. ಆದರೆ ಮೀಟರು ತನ್ನ ಪರೀಕ್ಷೆಗಾಗಿ ಸೆಳೆದುಕೊಳ್ಳುವ ವಿದ್ಯುತ್ತು ನಗಣ್ಯವಾದದ್ದು. ನೂರು ಎಳೆಗಳ ತಂತಿಯಲ್ಲಿ ತೊಂಬತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ, ಜೋಡಣೆಯ ತಾಮ್ರವೆಲ್ಲ ಕಿಲುಬುಗಟ್ಟಿ ಸೂಜಿಯ ಮೊನೆಯಷ್ಟು ಸ್ಪರ್ಶ ಮಾತ್ರ ಇದ್ದರೂ ಮೀಟರು ಪೂರ್ಣ ವೋಲ್ಟನ್ನೇ ತೋರಿಸುತ್ತದೆ. ಪಂಪು ಐದಾರು ಆಂಪಿಯರನ್ನು ಬೇಡಿದಾಗ ಆ ಒಂದು ಎಳೆ, ಆ ಸಣ್ಣ ಸ್ಪರ್ಶ, ಅದನ್ನು ಒದಗಿಸಲಾರದೆ ವೋಲ್ಟು ಒಮ್ಮೆಗೇ ಕುಸಿಯುತ್ತದೆ. ಆದಕಾರಣ ಅಳತೆ ಮಾಡತಕ್ಕದ್ದು ಪಂಪು ಸೇರಿಕೊಂಡಿದ್ದು, ಸ್ವಿಚ್ಚು ಹೊತ್ತಿರುವಾಗ, ಅಂದರೆ ತಂತಿ ಹೊರೆ ಹೊತ್ತಿರುವಾಗ. ಆಗ ಬ್ಯಾಟರಿಯ ತುದಿಯಲ್ಲಿ 12.4 ವೋಲ್ಟು ಇದ್ದು ಪಂಪಿನ ತುದಿಯಲ್ಲಿ 9 ಇದ್ದರೆ, ನಡುವೆ ಕಳೆದುಹೋದ 3.4 ವೋಲ್ಟು ಯಾವ ಜೋಡಣೆಯಲ್ಲಿ ನಷ್ಟವಾಗುತ್ತಿದೆಯೆಂಬುದೇ ಮುಂದಿನ ಪ್ರಶ್ನೆ.

ಅದನ್ನು ಕಂಡುಹಿಡಿಯುವ ಬಗೆಯೂ ಕಷ್ಟದ್ದಲ್ಲ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣಾಗ್ರಕ್ಕೂ ಇನ್ನೊಂದನ್ನು ಪಂಪಿನ ಋಣ ತಂತಿಗೂ ಹಿಡಿದು ಪಂಪನ್ನು ಹೊತ್ತಿಸಿ. ಮೀಟರು ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಹಿಂದಿರುಗುವ ದಾರಿಯಲ್ಲಿದೆ, ಎಂದರೆ ವ್ಯಾನಿನ ಲೋಹದ ಮೈಗೆ ಬೋಲ್ಟಿನಿಂದ ಬಿಗಿದಿರುವ ಅರ್ತ್ ಜೋಡಣೆಯಲ್ಲಿ. ಬಣ್ಣದ ಮೇಲೆಯೇ ಬಿಗಿದ ಅಥವಾ ತುಕ್ಕು ಹಿಡಿದ ಅರ್ತ್ ಈ ವಾಹನಗಳ ಅತ್ಯಂತ ಸಾಮಾನ್ಯವಾದ ವ್ಯಾಧಿಗಳಲ್ಲೊಂದು. ಪಂಪು ಓಡಿದಾಗಲೆಲ್ಲ ದೀಪ ಮಂಕಾಗುವುದು, ಒಂದು ಉಪಕರಣವನ್ನು ಹೊತ್ತಿಸಿದರೆ ಇನ್ನೊಂದು ವಿಚಿತ್ರವಾಗಿ ವರ್ತಿಸುವುದು, ಇವು ಅದರ ಲಕ್ಷಣಗಳು. ಬೋಲ್ಟನ್ನು ಬಿಚ್ಚಿ, ಉಪ್ಪುಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಮತ್ತೆ ಬಿಗಿದು ಮೇಲೆ ಗ್ರೀಸು ಸವರಿದರೆ ಗುಣವಾಗುತ್ತದೆ. ಇದೇ ಪರೀಕ್ಷೆಯನ್ನು ಧನಾಗ್ರದ ದಾರಿಯಲ್ಲಿಯೂ ಹಂತಹಂತವಾಗಿ, ಬ್ಯಾಟರಿಯಿಂದ ಫ್ಯೂಸಿಗೆ, ಫ್ಯೂಸಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಪಂಪಿಗೆ ಮಾಡಬಹುದು. ಜೋಡಣೆಗಳೆಲ್ಲ ಚೊಕ್ಕಟವಾಗಿದ್ದೂ ವೋಲ್ಟು ಕುಗ್ಗುತ್ತಿದ್ದರೆ ತಂತಿಯೇ ತೆಳುವಾಗಿದೆಯೆಂದು ಅರ್ಥ. ಬ್ಯಾಟರಿಯಿಂದ ಐದು ಮೀಟರ್ ದೂರದ ಪಂಪಿಗೆ, ಹೋಗಿ ಬರುವ ದಾರಿ ಸೇರಿ ಹತ್ತು ಮೀಟರ್ ತಾಮ್ರದಲ್ಲಿ 7 ಆಂಪಿಯರ್ ಹರಿಯುವಾಗ, 1.5 ಚದರ ಮಿಲಿಮೀಟರಿನ ತಂತಿ ಸುಮಾರು 0.8 ವೋಲ್ಟನ್ನು ನುಂಗಿದರೆ 4 ಚದರ ಮಿಲಿಮೀಟರಿನದು ಸುಮಾರು 0.3 ವೋಲ್ಟನ್ನು ಮಾತ್ರ ನುಂಗುತ್ತದೆ. ಮನೆಯ 230 ವೋಲ್ಟಿನಲ್ಲಿ ಲೆಕ್ಕಕ್ಕೇ ಬಾರದ ಈ ನಷ್ಟ 12 ವೋಲ್ಟಿನಲ್ಲಿ ದೊಡ್ಡದು. ಮನೆಯ ವೈರಿಂಗ್ ಮಾಡಿ ಪಳಗಿದವರು ಸ್ವಂತ ವ್ಯಾನನ್ನು ಕಟ್ಟುವಾಗ ತೆಳು ತಂತಿಯನ್ನು ಎಳೆಯುವುದು ಈ ಭೇದವನ್ನು ಗಮನಿಸದೆ.

ಪಂಪಿನ ವಿಚಾರಣೆಗೆ ಕೊನೆಯ ಸಾಕ್ಷ್ಯ ನೇರ ಸರಬರಾಜು. ನಡುವೆ ಒಂದು ಫ್ಯೂಸನ್ನು ಕೂರಿಸಿದ ಎರಡು ತಂತಿಗಳನ್ನು ಬ್ಯಾಟರಿಯಿಂದ ನೆಟ್ಟಗೆ ಪಂಪಿಗೆ ಕೊಟ್ಟು ನೋಡಬೇಕು. ಓಡಿದರೆ ಪಂಪು ನಿರ್ದೋಷಿ. ಡಯಾಫ್ರಮ್ ಪಂಪಾಗಿದ್ದು ಓಡದಿದ್ದರೆ, ಅದರ ತಲೆಯ ಮೇಲಿನ ಒತ್ತಡದ ಸ್ವಿಚ್ಚಿನ ಎರಡು ತಂತಿಗಳನ್ನು ಸೇರಿಸಿ ಇನ್ನೊಮ್ಮೆ ಪರೀಕ್ಷಿಸಿ. ಈಗ ಓಡಿದರೆ ಆ ಸ್ವಿಚ್ಚನ್ನು ಮಾತ್ರ ಬದಲಾಯಿಸಿದರೆ ಸಾಕು. ಹಾಗೆ ಸೇರಿಸಿದ ಸ್ಥಿತಿಯಲ್ಲಿ ನಲ್ಲಿಯನ್ನು ತೆರೆದೇ ಇಟ್ಟಿರಬೇಕು, ಇಲ್ಲವಾದರೆ ಒತ್ತಡ ಮಿತಿಮೀರಿ ಕೊಳವೆ ಕಳಚಿಕೊಂಡೀತು.

ಬ್ಯಾಟರಿಯ ವಿಷಯ. ಸೀಸ-ಆಮ್ಲದ ಬ್ಯಾಟರಿಯೊಂದು ಚಾರ್ಜಾಗದೆ, ಕೆಲಸವನ್ನೂ ಮಾಡದೆ ಕೆಲವು ಗಂಟೆ ವಿಶ್ರಮಿಸಿದ ಮೇಲೆ 12.7 ವೋಲ್ಟು ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಸುಮಾರು ಅರ್ಧ ಬರಿದಾಗಿದೆ. ಅದಕ್ಕಿಂತ ಕೆಳಗೆ ಪದೇ ಪದೇ ಇಳಿಸಿದಷ್ಟೂ ಅದರ ಆಯುಸ್ಸು ಕ್ಷೀಣಿಸುತ್ತದೆ. ವಿಶ್ರಾಂತಿಯಲ್ಲಿ ಸೊಗಸಾದ ಅಂಕಿಯನ್ನು ತೋರಿಸಿ, ಪಂಪು ಹೊತ್ತಿದೊಡನೆ 11ಕ್ಕಿಂತ ಕೆಳಗೆ ಜಾರುವ ಬ್ಯಾಟರಿ ಮುಪ್ಪಾಗಿದೆ. ಶಿಬಿರತಾಣದ ಹೊರವಿದ್ಯುತ್ತಿಗೆ ವ್ಯಾನನ್ನು ಸೇರಿಸಿದಾಗ ಎಲ್ಲವೂ ಸಾಂಗವಾಗಿ ನಡೆದು, ಕಳಚಿದ ಸ್ವಲ್ಪ ಹೊತ್ತಿನಲ್ಲಿಯೇ ಎಲ್ಲವೂ ನಿಂತರೆ ಅದೂ ಇದೇ ಕಥೆ. ಅಷ್ಟು ದಿನ ಕೆಲಸ ಮಾಡುತ್ತಿದ್ದುದು ಚಾರ್ಜರೇ ಹೊರತು ಬ್ಯಾಟರಿಯಲ್ಲ. ಲಿಥಿಯಂ ಬ್ಯಾಟರಿಯ ಸ್ವಭಾವ ಬೇರೆ: ಬಹುಪಾಲು ಬರಿದಾಗುವವರೆಗೂ ಅದು 13 ವೋಲ್ಟಿನ ಆಸುಪಾಸಿನಲ್ಲಿಯೇ ನಿಂತಿದ್ದು, ಒಳಗಿನ ರಕ್ಷಣಾ ವ್ಯವಸ್ಥೆ ಒಮ್ಮೆಗೇ ಬಾಗಿಲು ಹಾಕಿದಾಗ ಮೀಟರಿನಲ್ಲಿ ಸೊನ್ನೆ ಕಾಣುತ್ತದೆ. ಆಗ ಅದು ಸತ್ತಿತೆಂದು ಎಸೆಯಬೇಕಿಲ್ಲ. ತಕ್ಕ ಚಾರ್ಜರಿಗೆ ಸೇರಿಸಿದರೆ ಸಾಮಾನ್ಯವಾಗಿ ಎಚ್ಚರಗೊಳ್ಳುತ್ತದೆ. ಇನ್ನು, ದಿನವಿಡೀ ವ್ಯಾನನ್ನು ಓಡಿಸಿದರೂ ವಾಸದ ಬ್ಯಾಟರಿ ತುಂಬದಿದ್ದರೆ ಎರಡು ಬ್ಯಾಟರಿಗಳನ್ನು ಸೇರಿಸುವ ರಿಲೇಯನ್ನೂ ಅದರ ಎರಡು ತುದಿಗಳ ಫ್ಯೂಸುಗಳನ್ನೂ ನೋಡಬೇಕು. ಯೂರೋ 6 ಹೊಗೆನಿಯಮಗಳು ಬಂದ ಮೇಲಿನ ಅನೇಕ ವ್ಯಾನುಗಳಲ್ಲಿ ಇಂಧನವನ್ನು ಉಳಿಸಲೆಂದು ಆಲ್ಟರ್ನೇಟರು ತನ್ನ ವೋಲ್ಟನ್ನು ತಾನೇ ತಗ್ಗಿಸಿಕೊಳ್ಳುವುದರಿಂದ, ಹಳೆಯ ಮಾದರಿಯ ರಿಲೇ ಎಂಜಿನ್ ನಿಂತಿದೆಯೆಂದು ಭ್ರಮಿಸಿ ಸಂಪರ್ಕವನ್ನು ಬಿಟ್ಟುಬಿಡುತ್ತದೆ. ಅಲ್ಲಿ ಬೇಕಾದುದು ವೋಲ್ಟನ್ನು ಏರಿಸಿಕೊಡುವ ಡಿಸಿ-ಡಿಸಿ ಚಾರ್ಜರ್. ಬ್ಯಾಟರಿಯ ಬಳಿ ಕೈಯಿಡುವಾಗ ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಟ್ಟು, ಮೊದಲು ಋಣ ತಂತಿಯನ್ನು ಕಳಚಿ, ಜೋಡಿಸುವಾಗ ಅದನ್ನೇ ಕೊನೆಗೆ ಸೇರಿಸಬೇಕು.

ಪಂಪು ಸದ್ದು ಮಾಡುತ್ತಿದ್ದೂ ನೀರು ಬಾರದಿದ್ದರೆ, ಟ್ಯಾಂಕಿನಲ್ಲಿ ನೀರಿದೆಯೆಂಬುದನ್ನು ಫಲಕದ ಮುಳ್ಳನ್ನು ನಂಬದೆ ಕಣ್ಣಾರೆ ನೋಡಿದ ಮೇಲೆ, ಗಾಳಿಯನ್ನು ಹುಡುಕಬೇಕು. ತೋಟದ ಬಾವಿಯ ಮೇಲೆ ಕುಳಿತ ಪಂಪು ಫುಟ್‌ವಾಲ್ವು ಸೋರಿ ಗಾಳಿ ಹಿಡಿದಾಗ, ಕೊಳವೆಗೆ ಕೊಡದಿಂದ ನೀರು ತುಂಬಿಸುವವರೆಗೂ ಬರಿದೇ ಗಿರ್ರನೆ ತಿರುಗುವುದನ್ನು ಕಂಡ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮುಳುಗುವ ಪಂಪನ್ನು ಕೊಳವೆಯ ಸಮೇತ ಎತ್ತಿ, ನೀರಿನೊಳಗೆಯೇ ತಲೆಕೆಳಗು ಮಾಡಿ ಅಲುಗಿಸಿದರೆ ಗುಳ್ಳೆಗಳು ಹೊರಬಂದು ನೀರು ಹಿಡಿಯುತ್ತದೆ. ಹೊಸದಾಗಿ ಜೋಡಿಸಿದ ಪಂಪಾಗಿದ್ದು ನೀರು ಬಡವಾಗಿ ಬರುತ್ತಿದ್ದರೆ ಧನ-ಋಣ ತಂತಿಗಳು ಅದಲುಬದಲಾಗಿ ಚಕ್ರ ಹಿಂದಕ್ಕೆ ತಿರುಗುತ್ತಿರಬಹುದು. ಡಯಾಫ್ರಮ್ ಪಂಪು ತಾನಾಗಿ ನೀರನ್ನು ಹೀರಬಲ್ಲದಾದರೂ, ಟ್ಯಾಂಕಿಗೂ ಅದಕ್ಕೂ ನಡುವೆ ಎಲ್ಲಿಯಾದರೂ ಕೂದಲೆಳೆಯಷ್ಟು ಬಿರುಕಿದ್ದರೆ ನೀರಿನ ಬದಲು ಗಾಳಿಯನ್ನೇ ಹೀರುತ್ತದೆ. ಈ ಬಿರುಕಿನಿಂದ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ; ಆದುದರಿಂದಲೇ ಒದ್ದೆಯ ಗುರುತನ್ನು ಹುಡುಕುವವರಿಗೆ ಅದು ಸಿಕ್ಕುವುದಿಲ್ಲ. ಮೊದಲು ಸಂಶಯಿಸಬೇಕಾದುದು ಪಂಪಿನ ಬಾಯಲ್ಲಿರುವ ಜಾಲರಿಯ ಪಾರದರ್ಶಕ ಬಟ್ಟಲನ್ನು. ಅದನ್ನು ಬಿಚ್ಚಿ, ಕಸವನ್ನು ತೊಳೆದು, ಒಳಗಿನ ರಬ್ಬರ್ ವಾಷರ್ ತನ್ನ ತೋಡಿನಲ್ಲಿ ಕುಳಿತಿದೆಯೇ ಎಂದು ನೋಡಿ, ಕೈಬಿಗಿಗೆ ಮಾತ್ರ ತಿರುಗಿಸಬೇಕು. ಲಂಡನ್ನಿನ ನೀರಾಗಲಿ ಕೋಲಾರದ ಕೊಳವೆಬಾವಿಯ ನೀರಾಗಲಿ, ಗಡಸು ನೀರನ್ನು ತುಂಬಿಸಿದ ವ್ಯಾನಿನಲ್ಲಿ ಸುಣ್ಣದ ಹರಳುಗಳು ಪಂಪಿನ ಕವಾಟಗಳಲ್ಲಿಯೂ ನಲ್ಲಿಯ ಮೂತಿಯ ಜಾಲರಿಯಲ್ಲಿಯೂ ಕೂರುತ್ತವೆ. ಒಂದು ನಲ್ಲಿಯಲ್ಲಿ ಮಾತ್ರ ಧಾರೆ ಸಣ್ಣದಾಗಿದ್ದರೆ ಮೂತಿಯನ್ನು ಬಿಚ್ಚಿ ವಿನಿಗರಿನಲ್ಲಿ ನೆನೆಸಿದರೆ ತೀರಿತು.

ನಲ್ಲಿಯನ್ನು ಕಟ್ಟಿದರೂ ನಿಲ್ಲದೆ ಓಡುವ ಡಯಾಫ್ರಮ್ ಪಂಪು ತನ್ನ ನಿಲುಗಡೆಯ ಒತ್ತಡವನ್ನು ಮುಟ್ಟಲಾರದೆ ಇದೆ. ಟ್ಯಾಂಕು ಬರಿದಾಗಿರಬಹುದು, ಕೊಳವೆ ಎಲ್ಲಿಯೋ ಬಿಚ್ಚಿಕೊಂಡಿರಬಹುದು. ಆದರೆ ಎರಡೂ ಅಲ್ಲದಿದ್ದರೆ ಮತ್ತೆ ಮೀಟರನ್ನು ತೆಗೆದುಕೊಳ್ಳಿ. 10 ವೋಲ್ಟಿನಲ್ಲಿ ನರಳುತ್ತಾ ತಿರುಗುವ ಮೋಟಾರಿಗೆ 2 ಬಾರ್ ಒತ್ತಡವನ್ನು ಕಟ್ಟುವ ಶಕ್ತಿಯೇ ಇರದೆ, ಸ್ವಿಚ್ಚು ಎಂದಿಗೂ ಆರುವುದಿಲ್ಲ. ಒತ್ತಡದ ಸ್ವಿಚ್ಚಿನ ಸಣ್ಣ ತಿರುಪನ್ನು ತಿರುಗಿಸಿ ಇದನ್ನು ಸರಿಪಡಿಸಲು ಹೊರಡುವುದು ರೋಗವನ್ನು ಬಿಟ್ಟು ಲಕ್ಷಣಕ್ಕೆ ಮದ್ದು ಹಚ್ಚಿದ ಹಾಗಾಗುತ್ತದೆ. ರಾತ್ರಿಯ ನಿಶ್ಶಬ್ದದಲ್ಲಿ ತಾಸಿಗೊಮ್ಮೆ ಗುರುಗುಟ್ಟುವ ಪಂಪಾದರೋ ಹನಿ ಸೋರಿಕೆಯ ದೂತ. ಪ್ರತಿ ಜೋಡಣೆಯ ಕೆಳಗೂ ಒಣ ಕಾಗದದ ತುಂಡೊಂದನ್ನಿಟ್ಟು ಬೆಳಿಗ್ಗೆ ನೋಡಿದರೆ ಸೋರುವ ಜಾಗ ತಾನೇ ತೋರುತ್ತದೆ. ಯಾವ ಕಾಗದವೂ ನೆನೆಯದಿದ್ದರೆ ಪಂಪಿನೊಳಗಿನ ಹಿಂತಡೆ ಕವಾಟ ಸವೆದು, ನೀರು ಟ್ಯಾಂಕಿಗೇ ಮರಳುತ್ತಿದೆ. ಪಂಪಿನ ಗುಂಡಿಯನ್ನು ಮಲಗುವಾಗ ಆರಿಸುವ ಪದ್ಧತಿ ಬ್ಯಾಟರಿಗೂ ನಿದ್ರೆಗೂ ಹಿತ.

ಶೀತದೇಶಗಳಲ್ಲಿ ನೀರು ಬಾರದಿರುವುದಕ್ಕೆ ಇನ್ನೊಂದು ಕಾರಣವುಂಟು. ಟ್ರೂಮಾ ಬಿಸಿನೀರಿನ ಯಂತ್ರವಿರುವ ಅನೇಕ ವ್ಯಾನುಗಳಲ್ಲಿ ಹಿಮರಕ್ಷಕ ಕವಾಟವೊಂದು, ಸುತ್ತಲಿನ ಉಷ್ಣತೆ ಸುಮಾರು 3 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ತಾನಾಗಿಯೇ ತೆರೆದುಕೊಂಡು ನೀರನ್ನೆಲ್ಲ ನೆಲಕ್ಕೆ ಸುರಿದುಬಿಡುತ್ತದೆ. ಸ್ಕಾಟ್ಲೆಂಡಿನ ವಸಂತದ ಮುಂಜಾನೆಯಲ್ಲಿ ಪಂಪು ಓಡುತ್ತಿದ್ದು, ನಲ್ಲಿ ಒಣಗಿ, ವ್ಯಾನಿನ ಕೆಳಗೆ ಕೊಚ್ಚೆಯಾಗಿದ್ದರೆ ಗಾಬರಿಪಡಬೇಕಿಲ್ಲ. ಕವಾಟದ ಸುತ್ತ ಸುಮಾರು 7 ಡಿಗ್ರಿಯಷ್ಟು ಬೆಚ್ಚಗಾಗುವವರೆಗೆ ಒಳಗೆ ಶಾಖ ಕೊಟ್ಟು ಆಮೇಲೆ ಅದನ್ನು ಮುಚ್ಚಬೇಕು. ಅದಕ್ಕೆ ಮೊದಲು ಎಷ್ಟು ತಿರುಗಿಸಿದರೂ ನಿಲ್ಲದು.

230 ವೋಲ್ಟಿನ ಭಾಗದಲ್ಲಿ ಪ್ರಯಾಣಿಕನು ಮಾಡಬಹುದಾದುದು ಸ್ವಲ್ಪ, ಮಾಡಬಾರದುದು ಬಹಳ. ಶಿಬಿರತಾಣದ ಕಂಬದಲ್ಲಿ 6 ಆಂಪಿಯರಿನ ಸರಬರಾಜು ಮಾತ್ರ ಇರುವೆಡೆ 2 ಕಿಲೋವಾಟಿನ ಕೆಟಲನ್ನು ಹೊತ್ತಿಸಿದರೆ ಅದು ಸುಮಾರು 8.7 ಆಂಪಿಯರನ್ನು ಬೇಡುವುದರಿಂದ ಕಂಬದ ಬ್ರೇಕರು ಬೀಳುತ್ತದೆ. ಇದು ದೋಷವಲ್ಲ, ಲೆಕ್ಕ. ಆದರೆ ವ್ಯಾನಿನೊಳಗಿನ 30 ಮಿಲಿಆಂಪಿಯರಿನ ಆರ್‌ಸಿಡಿ, ಎಂದರೆ ಸೋರಿಕೆಯನ್ನು ಗ್ರಹಿಸಿ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು, ಬಿದ್ದರೆ ಎಲ್ಲಿಯೋ ವಿದ್ಯುತ್ತು ದಾರಿತಪ್ಪಿ ಸೋರುತ್ತಿದೆ. ಎಲ್ಲ ಉಪಕರಣಗಳನ್ನೂ ಕಳಚಿ, ಆರ್‌ಸಿಡಿಯನ್ನು ಎತ್ತಿ, ಒಂದೊಂದನ್ನೇ ಮರಳಿ ಸೇರಿಸುತ್ತ ಬಂದರೆ ಬೀಳಿಸುವುದು ಯಾವುದೆಂದು ತಿಳಿಯುತ್ತದೆ. ನೀರು ಕಾಯಿಸುವ ಸುರುಳಿಯೇ ಆಗಿರುವುದು ಹೆಚ್ಚು. ಅಲ್ಲಿಂದ ಮುಂದಕ್ಕೆ ಪೆಟ್ಟಿಗೆಯ ಮುಚ್ಚಳವನ್ನು ತೆಗೆಯದೆ ಪರಿಣತ ಎಲೆಕ್ಟ್ರೀಷಿಯನ್ನರನ್ನು ಕರೆಯಿರಿ. ಆರ್‌ಸಿಡಿಯನ್ನು ದಾಟಿಸಿ ತಂತಿ ಎಳೆದವರು ಲೋಹದ ಮೈಯ, ಒದ್ದೆ ನೆಲದ ಮೇಲಿನ ಆ ವಾಹನದಲ್ಲಿ ತಮ್ಮ ಮಕ್ಕಳ ಪ್ರಾಣವನ್ನು ಒತ್ತೆಯಿಟ್ಟಂತೆಯೇ.

ಜೊತೆಯಲ್ಲಿ ಒಂದು ಮಲ್ಟಿಮೀಟರ್, ಬಣ್ಣಬಣ್ಣದ ಫ್ಯೂಸುಗಳು, ಎರಡು ಮೊಸಳೆ ಕ್ಲಿಪ್ಪುಗಳ ತಂತಿ, ಹೋಸ್ ಕ್ಲಿಪ್ಪುಗಳು, ಟೆಫ್ಲಾನ್ ಟೇಪು, ಒಂದು ಮೈಕ್ರೋಸ್ವಿಚ್ಚು ಇದ್ದರೆ ಇಲ್ಲಿ ಹೇಳಿದ ಬಹುಪಾಲು ಕೆಲಸ ದಾರಿಯಲ್ಲಿಯೇ ಆಗುತ್ತದೆ. ಪಂಪು ನಿಜವಾಗಿ ಕೆಟ್ಟಿತೆಂದು ಸಾಬೀತಾದಾಗ ಅದೇ ವೋಲ್ಟಿನ, ಅದೇ ನಿಲುಗಡೆ ಒತ್ತಡದ ಇನ್ನೊಂದನ್ನು ತನ್ನಿ. ಹೆಚ್ಚು ಒತ್ತಡದ್ದನ್ನು ತಂದರೆ ಹಳೆಯ ಜೋಡಣೆಗಳೂ ಬಿಸಿನೀರಿನ ಯಂತ್ರವೂ ಅದನ್ನು ತಾಳಲಾರವು. ರಬ್ಬರ್ ಪಾದಗಳ ಮೇಲೆ ಕೂರಿಸಿ, ಎರಡು ಕಡೆಗೂ ಬಾಗುವ ಕೊಳವೆಯನ್ನು ಕೊಟ್ಟರೆ ಸದ್ದು ತಗ್ಗುತ್ತದೆ. ಚಳಿಗಾಲಕ್ಕೆ ವ್ಯಾನನ್ನು ನಿಲ್ಲಿಸುವಾಗ ಟ್ಯಾಂಕನ್ನು ಬರಿದುಮಾಡಿ, ಎಲ್ಲ ನಲ್ಲಿಗಳನ್ನೂ ಬಿಸಿನೀರು-ತಣ್ಣೀರುಗಳ ನಡುವಣ ಸ್ಥಾನದಲ್ಲಿ ತೆರೆದಿಟ್ಟು, ಡಯಾಫ್ರಮ್ ಪಂಪಾದರೆ ಒಳಗುಳಿದ ನೀರು ಹೊರಬರುವಂತೆ ಕೆಲವು ಕ್ಷಣ ನೀರಿಲ್ಲದೆ ಓಡಿಸಿ, ಜಾಲರಿಯ ಬಟ್ಟಲನ್ನು ಬಿಚ್ಚಿ ಒರೆಸಿ, ಪಂಪಿನ ಪಕ್ಕದಲ್ಲಿಯೇ ಇರಿಸಬೇಕು. ಹೆಪ್ಪುಗಟ್ಟಿದ ನೀರು ಮೊದಲು ಸೀಳುವುದು ಆ ಬಟ್ಟಲನ್ನು.